ಸಿರಿಂಜ್ ಚೀಲ ಮತ್ತು ಬೀಟ್ ಪೊಲೀಸ್: ಹುಬ್ಬಳ್ಳಿ-ಧಾರವಾಡದಲ್ಲಿ ಹಾನಿ ತಗ್ಗಿಸುವ ಕೆಲಸಕ್ಕೆ ಠಾಣೆಯ ಸಹಕಾರ ಪಡೆಯುವುದು ಹೇಗೆ

ಚುಚ್ಚಿಕೊಂಡು ಮಾದಕ ಸೇವಿಸುವವರ ನಡುವೆ ಕೆಲಸ ಮಾಡುವ ಕಾರ್ಯಕರ್ತರ ಚೀಲದಲ್ಲಿ ಸಂಜೆ ಹೊತ್ತಿಗೆ ನಲವತ್ತೈವತ್ತು ಹೊಸ ಸಿರಿಂಜ್, ಸ್ಪಿರಿಟ್ ಹತ್ತಿ, ಕಾಂಡೋಮ್, ಬಳಸಿದ ಸೂಜಿ ತುಂಬಿದ ಒಂದು ಗಟ್ಟಿ ಡಬ್ಬ ಇರುತ್ತವೆ. ಅದನ್ನು ಮೊದಲ ಸಲ ತೆರೆದು ನೋಡುವ ಬೀಟ್ ಪೊಲೀಸರ ಕಣ್ಣಿಗೆ ಅದು ಪ್ರಕರಣದ ಸಾಕ್ಷ್ಯದ ಹಾಗೆ ಕಾಣುವುದು ಸಹಜ. ಎಚ್‌ಐವಿ ತಡೆಯಲು ಸರ್ಕಾರವೇ ಈ ಚೀಲ ಕೊಡಿಸಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಸೇವನೆ ನಿಲ್ಲದಿದ್ದರೂ ಅದರಿಂದಾಗುವ ಸೋಂಕು, ಸಾವು ಕಡಿಮೆ ಮಾಡುವ ಈ ಕೆಲಸಕ್ಕೇ ‘ಹಾನಿ ತಗ್ಗಿಸುವುದು’ ಎನ್ನುತ್ತಾರೆ.

ಆ ಒಂದು ಸಂಜೆಯ ತಪಾಸಣೆಯ ಪರಿಣಾಮ ವಾರಗಟ್ಟಲೆ ಉಳಿಯುತ್ತದೆ. ಸಿರಿಂಜ್ ಜೇಬಿನಲ್ಲಿದ್ದರೆ ಒದೆ ಬೀಳುತ್ತದೆ ಎಂಬ ಸುದ್ದಿ ಹಬ್ಬಿದ ಕೂಡಲೇ ಜನ ಅದನ್ನು ಇಟ್ಟುಕೊಳ್ಳುವುದನ್ನು ಬಿಡುತ್ತಾರೆ. ಚುಚ್ಚಿಕೊಳ್ಳುವುದನ್ನು ಮಾತ್ರ ಬಿಡುವುದಿಲ್ಲ. ಒಂದೇ ಸಿರಿಂಜನ್ನು ಗೋಡೆಯ ಸಂದಿಯಲ್ಲಿ ಬಚ್ಚಿಟ್ಟು ನಾಲ್ವರು ಬಳಸುತ್ತಾರೆ, ಅಥವಾ ಬಳಸಿದಲ್ಲೇ ಎಸೆದು ಓಡುತ್ತಾರೆ. ಎಸೆದದ್ದು ಬೆಳಿಗ್ಗೆ ಪೌರಕಾರ್ಮಿಕರ ಕೈಗೆ, ಆಟಕ್ಕೆ ಬಂದ ಮಕ್ಕಳ ಕಾಲಿಗೆ ಚುಚ್ಚುತ್ತದೆ. ಅದೇ ಪೊಲೀಸರು ಮುಂದಿನ ವಾರ ಇನ್ನೊಬ್ಬನ ಜೇಬಿಗೆ ಕೈ ಹಾಕಿದಾಗ ಅವರಿಗೂ ಚುಚ್ಚುತ್ತದೆ. ಠಾಣೆಯ ಜೊತೆ ಮಾತು ಶುರುಮಾಡುವುದಾದರೆ ಈ ಕೊನೆಯ ಅಂಶದಿಂದಲೇ ಮಾಡಬೇಕು.

ಯಾವ ಠಾಣೆ, ಯಾವ ಸಾಹೇಬರು

ಅವಳಿ ನಗರ ಪೊಲೀಸ್ ಕಮಿಷನರೇಟ್‌ಗೆ ಸೇರಿದೆ. ಕಚೇರಿ ನವನಗರದಲ್ಲಿದೆ. ಕುಂದಗೋಳ, ಕಲಘಟಗಿ, ನವಲಗುಂದದಂಥ ತಾಲ್ಲೂಕುಗಳು ಧಾರವಾಡ ಜಿಲ್ಲಾ ಎಸ್‌ಪಿ ಅವರ ವ್ಯಾಪ್ತಿಗೆ ಬರುತ್ತವೆ. ಗದಗ ಮತ್ತು ಹಾವೇರಿಯಲ್ಲಿ ಇಡೀ ಜಿಲ್ಲೆಗೆ ಎಸ್‌ಪಿ ಒಬ್ಬರೇ, ಅಲ್ಲಿ ಈ ಕೆಲಸ ಅಷ್ಟರಮಟ್ಟಿಗೆ ಸುಲಭ. ಹುಬ್ಬಳ್ಳಿಯಲ್ಲಿ ಒಂದು ಕಡೆ ಪತ್ರ ಪಡೆದು ‘ಪೊಲೀಸರ ಒಪ್ಪಿಗೆ ಸಿಕ್ಕಿತು’ ಎಂದುಕೊಂಡವರು ಮರುದಿನವೇ ಬೇರೆ ಇಲಾಖೆಯ ಕೈಗೆ ಸಿಕ್ಕಿಬೀಳುತ್ತಾರೆ.

ನಾವು ಲೆಕ್ಕಕ್ಕೆ ತೆಗೆದುಕೊಳ್ಳಲು ಮರೆಯುವವರು ಮೂರು ಕಡೆ ಇದ್ದಾರೆ. ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಆವರಣದಲ್ಲಿ ಪ್ರಕರಣ ದಾಖಲಿಸುವುದು ರೈಲ್ವೆ ಪೊಲೀಸರು, ಅಂದರೆ ಜಿಆರ್‌ಪಿ. ಹಳಿ, ಬೋಗಿ, ರೈಲ್ವೆ ಆಸ್ತಿ ಕಾಯುವುದು ರೈಲ್ವೆ ರಕ್ಷಣಾ ಪಡೆ, ಅಂದರೆ ಆರ್‌ಪಿಎಫ್. ಇವೆರಡೂ ಕಮಿಷನರ್ ಅವರ ಮಾತು ಕೇಳಬೇಕಾದವಲ್ಲ. ಎರಡನೆಯದು ಅಬಕಾರಿ ಇಲಾಖೆ, ಅದಕ್ಕೂ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯಡಿ ಶೋಧಿಸಿ ಬಂಧಿಸುವ ಅಧಿಕಾರವಿದೆ. ಮೂರನೆಯದು ಸಿಇಎನ್ ಠಾಣೆ. ಸೈಬರ್ ಮತ್ತು ಆರ್ಥಿಕ ಅಪರಾಧಗಳ ಜೊತೆ ಮಾದಕ ವಸ್ತು ಪ್ರಕರಣಗಳನ್ನೂ ನೋಡುವ ಈ ಠಾಣೆಯವರು ಯಾವ ಬಡಾವಣೆಗಾದರೂ ಬರಬಹುದು. ಸ್ಥಳೀಯ ಠಾಣೆಗೆ ಗೊತ್ತಿರುವ ಕಾರ್ಯಕರ್ತರ ಮುಖ ಅವರಿಗೆ ಗೊತ್ತಿರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಒಂದು ಕೋಷ್ಟಕ ಮಾಡುವುದು. ನಿಮ್ಮ ತಂಡ ನಡೆದಾಡುವ ಪ್ರತಿಯೊಂದು ಜಾಗದ ಎದುರು ಅದು ಯಾವ ಠಾಣೆಯ ಸರಹದ್ದು, ಯಾವ ಬೀಟ್, ಯಾವ ಎಸಿಪಿ ಉಪವಿಭಾಗ ಎಂದು ಬರೆಯಿರಿ. ರಸ್ತೆಯ ಈ ಬದಿ ಒಂದು ಠಾಣೆ, ಆ ಬದಿ ಇನ್ನೊಂದು ಇರುವುದು ಸಾಮಾನ್ಯ. ಈ ಕೋಷ್ಟಕ ನಿಮ್ಮ ಕಚೇರಿಯಲ್ಲೇ ಇರಲಿ, ಠಾಣೆಗೆ ಕೊಡಬೇಡಿ. ಕೊಟ್ಟರೆ ಅದು ದಾಳಿಯ ನಕ್ಷೆಯಾಗುತ್ತದೆ. ಪತ್ರಿಕೆಯವರ ಕೈಗೆ ಹೋದರಂತೂ ಒಂದು ಓಣಿಯ ಹೆಸರೇ ಕೆಟ್ಟು, ಅಲ್ಲಿನ ಹುಡುಗರಿಗೆ ಬಾಡಿಗೆ ಮನೆ, ಕೆಲಸ ಸಿಗುವುದೂ ಕಷ್ಟವಾಗುತ್ತದೆ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನಡೆಯುವ ಜಿಲ್ಲಾ ಎನ್‌ಕಾರ್ಡ್ ಸಮಿತಿ, ಅಂದರೆ ಮಾದಕ ವಸ್ತು ನಿಯಂತ್ರಣದ ಸಮನ್ವಯ ಸಮಿತಿಯಲ್ಲಿ ಪೊಲೀಸ್, ಆರೋಗ್ಯ ಮತ್ತಿತರ ಇಲಾಖೆಗಳು ಒಂದೇ ಮೇಜಿನಲ್ಲಿ ಕೂರುತ್ತವೆ. ಎನ್‌ಜಿಒ ನೇರವಾಗಿ ಹೋಗಿ ಕೂರುವ ಸಭೆಯಲ್ಲ ಅದು. ಜಿಲ್ಲಾ ಏಡ್ಸ್ ತಡೆಗಟ್ಟುವಿಕೆ ಮತ್ತು ನಿಯಂತ್ರಣ ಘಟಕ, ಎಲ್ಲರ ಬಾಯಲ್ಲಿ ಡ್ಯಾಪ್ಕು, ಅದರ ಅಧಿಕಾರಿಯ ಮೂಲಕ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ. ಅಲ್ಲಿ ಆಗುವ ಒಂದು ಸಾಲಿನ ನಡಾವಳಿ ಠಾಣೆಗಳಲ್ಲಿ ಹತ್ತು ಭೇಟಿಗಳ ಕೆಲಸ ಮಾಡುತ್ತದೆ.

ಒಂದೇ ಪುಟದ ಕಾನೂನು

ಠಾಣೆಗೆ ಕೊಡುವ ಕಾನೂನಿನ ಹಾಳೆ ಒಂದೇ ಪುಟ ಇರಬೇಕು, ಕನ್ನಡದಲ್ಲಿರಬೇಕು, ಕಲಂ ಸಂಖ್ಯೆ ದಪ್ಪಕ್ಷರದಲ್ಲಿರಬೇಕು. ಪೊಲೀಸರು ಕಲಂ ನೋಡಿ ಓದುವವರು. ‘ಮಾನವೀಯ ದೃಷ್ಟಿಯಿಂದ’ ಎಂದು ಶುರುವಾಗುವ ಪತ್ರ ಕಡತದ ತಳ ಸೇರುತ್ತದೆ.

ಮೊದಲು 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆಯ ಕಲಂ 22. ಈ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಹರಡುವ ಅಪಾಯ ತಗ್ಗಿಸಲು ಕೈಗೊಂಡ ಕ್ರಮವನ್ನು ತಡೆಯುವಂತಿಲ್ಲ, ಅದು ಅಪರಾಧವೂ ಆಗುವುದಿಲ್ಲ ಎಂದು ಅದು ಹೇಳುತ್ತದೆ. ಸುರಕ್ಷಿತ ಚುಚ್ಚುಮದ್ದಿನ ಸಾಮಗ್ರಿ ಕೊಡುವುದು, ಬದಲಿ ಔಷಧ ಚಿಕಿತ್ಸೆ (ಹೆರಾಯಿನ್‌ನಂಥವುಗಳ ಬದಲು ವೈದ್ಯರ ನಿಗಾದಲ್ಲಿ ಬುಪ್ರೆನಾರ್ಫಿನ್‌ನಂಥ ಮಾತ್ರೆ ಕೊಡುವುದು), ಕಾಂಡೋಮ್ ಎಲ್ಲವೂ ಇದರೊಳಗೆ ಬರುತ್ತವೆ. ನೋಂದಾಯಿತ ಸೂಜಿ ವಿನಿಮಯ ಸೇವೆಯವರು ಹಳೆಯ ಸೂಜಿ ಪಡೆದು ಹೊಸದು ಕೊಟ್ಟರೆ ಕೊಟ್ಟವರೂ ಪಡೆದವರೂ ಹೊಣೆಗಾರರಲ್ಲ ಎಂಬ ಉದಾಹರಣೆಯೇ ಆ ಕಲಮಿನಲ್ಲಿದೆ. ಅದರಲ್ಲಿ ‘ನೋಂದಾಯಿತ’ ಎಂಬ ಪದಕ್ಕೆ ತೂಕವಿದೆ. ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಶನ್ ಸೊಸೈಟಿಯ ಜೊತೆಗಿನ ನಿಮ್ಮ ಒಪ್ಪಂದದ ಪ್ರತಿ ಮತ್ತು ಅದರ ಅವಧಿ ಮುಗಿಯುವ ದಿನಾಂಕ ಹಾಳೆಯ ಹಿಂಬದಿಯಲ್ಲಿರಲಿ. ಅವಧಿ ಮುಗಿದು ನವೀಕರಣ ಬರುವ ಮುನ್ನಿನ ಆ ಎರಡು ತಿಂಗಳಲ್ಲೇ ತೊಂದರೆ ಆಗುವುದು. ಆಗ ಸೊಸೈಟಿಯಿಂದ ‘ನವೀಕರಣ ಪ್ರಕ್ರಿಯೆಯಲ್ಲಿದೆ’ ಎಂಬ ಪತ್ರವನ್ನು ಕೇಳಿ ಪಡೆದುಕೊಳ್ಳಿ.

ನಂತರ 1985ರ ಎನ್‌ಡಿಪಿಎಸ್ ಕಾಯ್ದೆ. ಬರೀ ಸಿರಿಂಜ್ ಇಟ್ಟುಕೊಳ್ಳುವುದನ್ನು ಈ ಕಾಯ್ದೆ ಅಪರಾಧ ಎಂದಿಲ್ಲ. ಸೇವನೆಗೆ ಕಲಂ 27 ಇದೆ: ಹೆರಾಯಿನ್, ಮಾರ್ಫಿನ್, ಕೊಕೇನ್‌ನಂಥವಕ್ಕೆ 1 ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಉಳಿದವಕ್ಕೆ 6 ತಿಂಗಳವರೆಗೆ ಅಥವಾ 10,000 ರೂಪಾಯಿವರೆಗೆ ಅಥವಾ ಎರಡೂ. ಕಲಂ 64ಎ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿರುವ ವ್ಯಸನಿ ತಾನಾಗಿಯೇ ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಅವರ ಮೇಲೆ ಪ್ರಕರಣ ನಡೆಸುವಂತಿಲ್ಲ. ಚಿಕಿತ್ಸೆ ಪೂರ್ತಿಗೊಳಿಸದಿದ್ದರೆ ಈ ರಕ್ಷಣೆ ಹೋಗಬಹುದು. ಅಲ್ಪ ಪ್ರಮಾಣ ಅಂದರೆ ಹೆರಾಯಿನ್‌ಗೆ 5 ಗ್ರಾಂ, ಚರಸ್‌ಗೆ 100 ಗ್ರಾಂ, ಗಾಂಜಾಕ್ಕೆ 1 ಕೆ.ಜಿ. ನ್ಯಾಯಾಲಯಕ್ಕೆ ಕಲಂ 39ರಡಿ ಚಿಕಿತ್ಸೆಗೆ ಕಳಿಸುವ ಅಧಿಕಾರ ಬೇರೆ ಇದೆ.

ಯಾವುದಕ್ಕೆ ರಕ್ಷಣೆ ಇಲ್ಲ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮಾದಕ ವಸ್ತು ಇಟ್ಟುಕೊಂಡವರಿಗೆ, ಮಾರುವವರಿಗೆ ಎಚ್‌ಐವಿ ಕಾಯ್ದೆಯ ಕಲಂ 22 ಗುರಾಣಿ ಆಗುವುದಿಲ್ಲ. ಇದನ್ನು ನೀವೇ ಬರೆದು ಕೊಟ್ಟಾಗ ಉಳಿದ ಸಾಲುಗಳನ್ನೂ ಇನ್‌ಸ್ಪೆಕ್ಟರ್ ನಂಬುತ್ತಾರೆ. ಹಾಳೆಯನ್ನು ಮುದ್ರಿಸುವ ಮುನ್ನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರಿಗೆ ಒಮ್ಮೆ ತೋರಿಸಿ. ನವನಗರದಲ್ಲೇ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ, ಅಲ್ಲಿನ ಅಧ್ಯಾಪಕರೊಬ್ಬರು ಕಣ್ಣಾಡಿಸಿದರೆ ಇನ್ನೂ ಒಳ್ಳೆಯದು.

ಮೊದಲ ಭೇಟಿ

ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎರಡೂ ಕಡೆಯಿಂದ ನಡೆಯಬೇಕು. ಕಮಿಷನರ್ ಅಥವಾ ಡಿಸಿಪಿ ಪತ್ರವಿಲ್ಲದೆ ಠಾಣೆಗೆ ಹೋದರೆ ‘ಮೇಲಿನಿಂದ ಬರಲಿ’ ಎನ್ನುತ್ತಾರೆ. ಮೇಲಿನ ಪತ್ರ ಮಾತ್ರ ಹಿಡಿದು ಹೋದರೆ ‘ಸಾಹೇಬರ ಕಡೆಯವರು’ ಎಂದು ಚಹಾ ಕೊಟ್ಟು ಕಳಿಸುತ್ತಾರೆ, ರಾತ್ರಿ ಬೀಟ್‌ನಲ್ಲಿ ಏನೂ ಬದಲಾಗುವುದಿಲ್ಲ. ಪತ್ರ ಬಂದ ವಾರದೊಳಗೆ ಠಾಣೆಯ ಇನ್‌ಸ್ಪೆಕ್ಟರ್, ಅಪರಾಧ ವಿಭಾಗದ ಪಿಎಸ್‌ಐ, ರೈಟರ್ ಮತ್ತು ಆ ಬೀಟ್‌ನ ಹೆಡ್ ಕಾನ್‌ಸ್ಟೇಬಲ್ ನಾಲ್ವರನ್ನೂ ಬೇರೆ ಬೇರೆಯಾಗಿ ಕಾಣಿ. ಠಾಣೆಯ ನೆನಪಿನ ಶಕ್ತಿ ರೈಟರ್. ಇನ್‌ಸ್ಪೆಕ್ಟರ್ ವರ್ಗವಾದ ಮೇಲೂ ನಿಮ್ಮ ಕಡತ ಎಲ್ಲಿದೆ ಎಂದು ಹೇಳುವವರು ಅವರೇ.

ಜೊತೆಗೆ ಒಯ್ಯಬೇಕಾದದ್ದು: ಸೊಸೈಟಿಯ ಪತ್ರ, ಡ್ಯಾಪ್ಕು ಪತ್ರ, ಕಾನೂನಿನ ಹಾಳೆ, ಸಿಬ್ಬಂದಿಯ ಫೋಟೊ ಸಮೇತ ಪಟ್ಟಿ, ಕೆಲಸದ ವೇಳೆ, ಇಬ್ಬರು ಸಂಪರ್ಕ ವ್ಯಕ್ತಿಗಳ ಸಂಖ್ಯೆ. ಸಮವಯಸ್ಕ ಕಾರ್ಯಕರ್ತರಲ್ಲಿ, ಅಂದರೆ ಪಿಯರ್‌ಗಳಲ್ಲಿ ಹಲವರು ಹಿಂದೆ ಸೇವಿಸುತ್ತಿದ್ದವರು ಅಥವಾ ಈಗಲೂ ಚಿಕಿತ್ಸೆಯಲ್ಲಿರುವವರು. ಅವರ ಹೆಸರು, ಫೋಟೊ ಠಾಣೆಗೆ ಕೊಡುವ ಮುನ್ನ ಅವರನ್ನು ಕೇಳಬೇಕು. ಹಳೆಯ ಪ್ರಕರಣ ಬಾಕಿ ಇದ್ದರೆ ಮೊದಲು ವಕೀಲರ ಜೊತೆ ಅದನ್ನು ಸರಿಮಾಡಿಕೊಳ್ಳಿ. ಒಪ್ಪದವರನ್ನು ಬಲವಂತ ಮಾಡದೆ ಕೇಂದ್ರದೊಳಗಿನ ಕೆಲಸಕ್ಕೆ ಇಡಿ.

ಗಣೇಶ ಹಬ್ಬದ ಹನ್ನೊಂದು ದಿನ, ರಂಗಪಂಚಮಿ, ಮೊಹರಂ, ಚುನಾವಣೆಯ ಹೊತ್ತಿನಲ್ಲಿ ಇದಕ್ಕಾಗಿ ಹೋಗಬೇಡಿ. ಹುಬ್ಬಳ್ಳಿಯ ಬಂದೋಬಸ್ತ್ ಎಂದರೆ ಎಲ್ಲರಿಗೂ ಗೊತ್ತು. ಆ ದಿನಗಳಲ್ಲಿ ನಿದ್ದೆಗೆಟ್ಟವರ ಮುಂದೆ ಹೇಳಿದ್ದು ನಿಲ್ಲುವುದಿಲ್ಲ.

ಠಾಣೆಯಲ್ಲಿ ನಲವತ್ತು ನಿಮಿಷ

ಸಭಾಂಗಣದಲ್ಲಿ ಬ್ಯಾನರ್ ಕಟ್ಟಿ ದಿನವಿಡೀ ನಡೆಸುವ ಕಾರ್ಯಾಗಾರಕ್ಕೆ ಬರುವವರು ಬಿಡುವಿರುವವರು, ಬೀಟ್‌ನಲ್ಲಿರುವವರಲ್ಲ. ಹಾಜರಾತಿ ಕರೆಯುವ ರೋಲ್‌ಕಾಲ್ ಹೊತ್ತಿನಲ್ಲಿ ಇನ್‌ಸ್ಪೆಕ್ಟರ್ ಅನುಮತಿ ಪಡೆದು ನಲವತ್ತು ನಿಮಿಷ ತೆಗೆದುಕೊಳ್ಳಿ. ಪಾಳಿ ಬದಲಾಗುವುದರಿಂದ ಒಂದು ಠಾಣೆಗೆ ಕನಿಷ್ಠ ಎರಡು ಸಲ ಹೋಗಬೇಕು. ಒಬ್ಬ ವೈದ್ಯರು ಜೊತೆಗಿರಲಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನ ಮನೋವೈದ್ಯರಾಗಲಿ, ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಕೆಎಂಸಿಆರ್‌ಐನವರಾಗಲಿ ಬಂದರೆ ಕೇಳುವ ರೀತಿಯೇ ಬೇರೆ.

ಶುರು ಸೂಜಿಯಿಂದ ಮಾಡಿ. ಎಚ್‌ಐವಿ ಇರುವವರ ರಕ್ತವಿದ್ದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಸಾವಿರಕ್ಕೆ ಮೂರು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರಿಗೆ ಆ ವೈರಸ್ ತಗಲುವ ಸಾಧ್ಯತೆ ಅದಕ್ಕಿಂತ ಬಹಳ ಹೆಚ್ಚು, ನೂರಕ್ಕೆ 6ರಿಂದ 30. ಹಾಗಾಗಿ ಮೊದಲ ದಿನವೇ ಹೆಪಟೈಟಿಸ್ ಬಿ ಲಸಿಕೆಯ ಮಾತೆತ್ತಿ. 0, 1 ಮತ್ತು 6ನೇ ತಿಂಗಳು, ಮೂರು ಡೋಸ್. ಆರೋಗ್ಯ ಇಲಾಖೆಯ ಜೊತೆ ಮಾತಾಡಿ ಠಾಣೆಯಲ್ಲೇ ಲಸಿಕೆ ಹಾಕಿಸಿಕೊಡುವ ತಂಡವನ್ನು ಪೊಲೀಸರು ಮರೆಯುವುದಿಲ್ಲ.

ಆಮೇಲೆ ತಪಾಸಣೆ ಮಾಡಿ ತೋರಿಸಿ. ಜೇಬಿಗೆ ಕೈ ತೂರಿಸಬಾರದು. ಮೊದಲು ಕೇಳಬೇಕು: ‘ನಿನ್ನ ಕಡೆ ಸೂಜಿ, ಬ್ಲೇಡ್ ಏನರ ಐತೇನು? ಇದ್ರ ಈಗ ಹೇಳು, ಅದಕ್ಕ ಏನೂ ಮಾಡಂಗಿಲ್ಲ.’ ಅಂಗೈಯಿಂದ ಹೊರಗಿನಿಂದ ಮೆಲ್ಲಗೆ ಒತ್ತಿ ನೋಡಬೇಕು, ಜೇಬನ್ನು ಅವರಿಂದಲೇ ಹೊರಗೆ ತಿರುಗಿಸಿಸಬೇಕು. ಸಿಕ್ಕ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬಾರದು, ಬಹಳಷ್ಟು ಚುಚ್ಚಾಟ ಆಗುವುದು ಆಗಲೇ. ಈ ವಿಧಾನ ಕೆಲಸ ಮಾಡುವುದು ಕೊಟ್ಟ ಮಾತು ಉಳಿಸಿಕೊಂಡರೆ ಮಾತ್ರ. ಸೂಜಿ ಇದೆ ಎಂದು ಒಪ್ಪಿಕೊಂಡ ಒಬ್ಬನಿಗೆ ಹೊಡೆದರೆ ಆ ಪ್ರದೇಶದಲ್ಲಿ ಮುಂದೆ ಯಾರೂ ನಿಜ ಹೇಳುವುದಿಲ್ಲ, ಚುಚ್ಚುವುದು ಪೊಲೀಸರಿಗೇ. ಇದನ್ನು ಹೀಗೆ ನೇರವಾಗಿ ಹೇಳಿ.

ಚುಚ್ಚಿದರೆ ಏನು ಮಾಡಬೇಕು ಎಂಬುದು ಗೋಡೆಯ ಮೇಲೆ ಅಂಟಿಸುವ ಹಾಳೆಯಾಗಲಿ. ಸೋಪು, ಹರಿಯುವ ನೀರಿನಲ್ಲಿ ತೊಳೆಯಬೇಕು. ಹಿಂಡಬಾರದು, ಬಾಯಲ್ಲಿ ಹೀರಬಾರದು, ಸುಣ್ಣ-ಅರಿಶಿನ ಹಚ್ಚಬಾರದು. ಎಚ್‌ಐವಿ ತಗಲದಂತೆ ತಡೆಯಲು ಕೊಡುವ ಪಿಇಪಿ ಮಾತ್ರೆ ಸಾಧ್ಯವಾದರೆ 2 ಗಂಟೆಯೊಳಗೆ, ಏನೇ ಆದರೂ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ರಾತ್ರಿ ಎರಡು ಗಂಟೆಗೆ ಯಾವ ಆಸ್ಪತ್ರೆಯ ಯಾವ ಬಾಗಿಲಿಗೆ ಹೋದರೆ ಅದು ಸಿಗುತ್ತದೆ ಎಂದು ನೀವೇ ಮುಂಚೆ ಹೋಗಿ ನೋಡಿಕೊಂಡು ಬಂದು ಬರೆಯಬೇಕು. ಬೆಳಿಗ್ಗೆ ಬನ್ನಿ ಎನ್ನುವ ಕಿಟಕಿಗೆ ಪೊಲೀಸರನ್ನು ಒಮ್ಮೆ ಕಳಿಸಿದರೆ ನಿಮ್ಮ ಮಾತಿನ ಬೆಲೆ ಅಲ್ಲಿಗೆ ಮುಗಿಯಿತು.

ಎರಡನೆಯ ವಿಷಯ ಲಾಕಪ್. ಹೆರಾಯಿನ್ ನಿಂತ 8–12 ಗಂಟೆಗೆ ಮೂಗು ಸೋರುವುದು, ಮೈಕೈ ಸೆಳೆತ, ವಾಂತಿ, ಭೇದಿ ಶುರುವಾಗಿ ಎರಡು-ಮೂರನೇ ದಿನ ತಾರಕಕ್ಕೇರುತ್ತದೆ. ‘ನಾಟಕ ಮಾಡಾಕತ್ತಾನ’ ಎಂದು ಬಿಟ್ಟುಬಿಡುವ ಸ್ಥಿತಿ ಇದಲ್ಲ, ನೀರಿನಂಶ ಬತ್ತಿ ಪ್ರಾಣಕ್ಕೆ ಸಂಚಕಾರ ಬರಬಹುದು. ಮದ್ಯವನ್ನೂ ಕುಡಿಯುತ್ತಿದ್ದವರಾದರೆ ಅಪಾಯ ಇನ್ನೂ ದೊಡ್ಡದು: 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡು-ನಾಲ್ಕನೇ ದಿನ ಸನ್ನಿ ಹಿಡಿಯಬಹುದು. ಬಂಧಿತರ ವೈದ್ಯಕೀಯ ಪರೀಕ್ಷೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಕಲಂ 53ರಡಿ ಹೇಗೂ ಆಗಬೇಕು. ಆಗ ವೈದ್ಯರಿಗೆ ‘ಈತ ಏನು ತೆಗೆದುಕೊಳ್ಳುತ್ತಿದ್ದ, ಕೊನೆಯ ಸಲ ಯಾವಾಗ’ ಎಂದು ಹೇಳಲು ಪೊಲೀಸರಿಗೆ ಕಲಿಸಿ. ಠಾಣೆಯಲ್ಲಿ ಸಾವು ಆಗುವುದು ಯಾರಿಗೂ ಬೇಡ. ಈ ಮಾತನ್ನು ಅವರು ನಿಮಗಿಂತ ಹೆಚ್ಚು ಗಮನವಿಟ್ಟು ಕೇಳುತ್ತಾರೆ.

ಮೂರನೆಯದು ಮಿತಿಮೀರಿದ ಡೋಸ್. ಕರೆದರೂ ತಟ್ಟಿದರೂ ಏಳುವುದಿಲ್ಲ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣಗಾಗಿರುತ್ತದೆ, ತುಟಿ ನೀಲಿ, ಉಸಿರು ತೀರಾ ನಿಧಾನ. ಈರುಳ್ಳಿ ಮೂಸಿಸುವುದು, ತಣ್ಣೀರು ಸುರಿಯುವುದು, ಉಪ್ಪುನೀರು ಕುಡಿಸುವುದು ಯಾವುದೂ ಉಪಯೋಗವಿಲ್ಲ. ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. 108ಕ್ಕೆ ಕರೆ ಮಾಡಿ, ಉಸಿರು ನಿಲ್ಲುತ್ತಿದ್ದರೆ ಐದು ಸೆಕೆಂಡಿಗೊಂದರಂತೆ ಬಾಯಿಂದ ಉಸಿರು ಕೊಡಬೇಕು, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು. ವೈದ್ಯರ ಸೂಚನೆಯಂತೆ ತರಬೇತಾದವರ ಬಳಿ ಹೆರಾಯಿನ್‌ನಂಥವುಗಳ ಪರಿಣಾಮ ಇಳಿಸುವ ನಲೋಕ್ಸೋನ್ ಔಷಧ ಇದ್ದರೆ 0.4 ಮಿ.ಗ್ರಾಂ ಸ್ನಾಯುವಿಗೆ ಕೊಟ್ಟು, ಎರಡು-ಮೂರು ನಿಮಿಷಕ್ಕೆ ಎಚ್ಚರವಾಗದಿದ್ದರೆ ಮತ್ತೊಮ್ಮೆ ಕೊಡಬೇಕು. ಅದರ ಪರಿಣಾಮ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅಷ್ಟೇ. ಎದ್ದು ಕೂತರೆಂದು ಬಿಟ್ಟರೆ ಮತ್ತೆ ಕುಸಿಯಬಹುದು. ಇಲ್ಲಿ ಪೊಲೀಸರಿಂದ ಬೇಕಾದ ಭರವಸೆ ಒಂದೇ: ಜೀವ ಉಳಿಸಲು ಕರೆ ಮಾಡಿದ ಗೆಳೆಯನನ್ನು ಸೇವನೆಯ ಪ್ರಕರಣಕ್ಕೆ ಎಳೆಯಬಾರದು. ಎಳೆದರೆ ಮುಂದಿನ ಸಲ ಗೆಳೆಯರು ಕರೆ ಮಾಡದೆ ಓಡುತ್ತಾರೆ. ಜೈಲಿನಿಂದ ಅಥವಾ ವ್ಯಸನಮುಕ್ತಿ ಕೇಂದ್ರದಿಂದ ಹೊರಬಂದ ಮೊದಲ ಎರಡು ವಾರ ಅತ್ಯಂತ ಅಪಾಯಕಾರಿ ಎಂಬುದನ್ನೂ ಹೇಳಿ. ದೇಹದ ತಾಳಿಕೆ ಇಳಿದಿರುತ್ತದೆ, ಕೈ ಮಾತ್ರ ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತದೆ.

ಕೊಡುವುದೇನು, ಕೊಡದಿರುವುದೇನು

ಸಹಕಾರ ಮುರಿದುಬೀಳುವುದು ಹೆಚ್ಚಾಗಿ ಇಲ್ಲಿಯೇ. ಸಂಬಂಧ ಚೆನ್ನಾಗಿ ಬೆಳೆದ ಮೇಲೆ ಒಂದು ದಿನ ಪಿಎಸ್‌ಐ ಕೇಳುತ್ತಾರೆ: ‘ನಿಮಗೆ ಎಲ್ಲಾ ಗೊತ್ತಿರ್ತದ, ಮಾಲು ಯಾರು ಕೊಡ್ತಾರ ಅಂತ ಒಂದ್ ಹೆಸರು ಹೇಳ್ರಿ.’ ಅವರ ದೃಷ್ಟಿಯಿಂದ ಅದು ನ್ಯಾಯವಾದ ಪ್ರಶ್ನೆ. ಹೇಳಿದ ದಿನವೇ ನಿಮ್ಮ ಕೇಂದ್ರ ಖಾಲಿಯಾಗುತ್ತದೆ, ಪಿಯರ್ ಕಾರ್ಯಕರ್ತನ ಜೀವಕ್ಕೇ ಅಪಾಯ ಬರಬಹುದು. ಹೆಸರು, ನೋಂದಣಿ ಪುಸ್ತಕ, ವಿಳಾಸ, ಎಚ್‌ಐವಿ ವರದಿ ಯಾವುದೂ ಠಾಣೆಗೆ ಹೋಗುವುದಿಲ್ಲ ಎಂದು ಮೊದಲ ಭೇಟಿಯಲ್ಲೇ ಹೇಳಿರಬೇಕು. ಎಚ್‌ಐವಿ ಸ್ಥಿತಿಯ ಗೋಪ್ಯತೆ ಅದೇ 2017ರ ಕಾಯ್ದೆಯಲ್ಲಿದೆ, ಆದ್ದರಿಂದ ಇದು ನಿಮ್ಮ ಹಠ ಅಲ್ಲ. ನ್ಯಾಯಾಲಯದ ಆದೇಶ ಬಂದರೆ ಸಂಸ್ಥೆಯ ಮುಖ್ಯಸ್ಥರು ವಕೀಲರ ಮೂಲಕ ಉತ್ತರಿಸುತ್ತಾರೆ, ಕ್ಷೇತ್ರ ಕಾರ್ಯಕರ್ತರು ಬಾಯಿ ಬಿಡುವುದಿಲ್ಲ. ರಿಜಿಸ್ಟರ್‌ನಲ್ಲಿ ಸಂಕೇತ ಸಂಖ್ಯೆ ಮಾತ್ರ ಇರಲಿ, ಸಂಕೇತದ ಕೀಲಿ ಬೇರೆ ಬೀಗದೊಳಗಿರಲಿ.

ಪಂಚರಾಗಿ ಬರಲು ಕರೆಯುವುದು ಇದಕ್ಕಿಂತ ನಯವಾದ ತೊಡಕು. ಮಹಜರಿಗೆ ಸಹಿ ಹಾಕುವವರು ಸಿಗುವುದೇ ಕಷ್ಟ, ನೀವು ಪರಿಚಯದವರು, ವಿದ್ಯಾವಂತರು, ಬೇಗ ಸಿಗುತ್ತೀರಿ. ಒಂದೇ ಒಂದು ಸಲ ಕಾರ್ಯಕರ್ತರೊಬ್ಬರು ಪಂಚನಾಮೆಗೆ ಸಹಿ ಹಾಕಿ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರೆ ವರ್ಷಗಳ ನಂಬಿಕೆ ಹೋಯಿತು. ಒಪ್ಪಂದದಲ್ಲಿ ಇದಕ್ಕೇ ಒಂದು ಸಾಲು ಬೇಕು: ‘ಕಾರ್ಯಕ್ರಮದ ಸಿಬ್ಬಂದಿಯನ್ನು ಮಾಹಿತಿದಾರರನ್ನಾಗಿ, ಪಂಚರನ್ನಾಗಿ ಬಳಸುವುದಿಲ್ಲ.’

ಪ್ರತಿಯಾಗಿ ಕೊಡಲು ಬಹಳಷ್ಟಿದೆ. ಎಲ್ಲಿ ಸೂಜಿ ಬಿದ್ದಿದೆ ಎಂಬ ಕರೆ ಬಂದರೂ ಎರಡು ಗಂಟೆಯೊಳಗೆ ಹೋಗಿ ಎತ್ತುತ್ತೇವೆ ಎಂದು ಬರೆದುಕೊಡಿ, ಮತ್ತು ಎತ್ತಿರಿ. ಉದ್ದನೆಯ ಇಕ್ಕಳ, ದಪ್ಪ ಕೈಗವಸು, ಚುಚ್ಚಿದರೂ ತೂತಾಗದ ಬಿಳಿಯ ಅರೆಪಾರದರ್ಶಕ ಡಬ್ಬ ಸಾಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಚೂಪಾದ ತ್ಯಾಜ್ಯ ಅದೇ ಡಬ್ಬದಲ್ಲಿ ವಿಲೇವಾರಿ ಘಟಕಕ್ಕೆ ಹೋಗಬೇಕು, ರಸೀದಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ಕೊಡಿ: ಹಂಚಿದ ಸಿರಿಂಜ್ ಎಷ್ಟು, ವಾಪಸ್ ಬಂದದ್ದೆಷ್ಟು, ರಸ್ತೆಯಿಂದ ಎತ್ತಿದ್ದೆಷ್ಟು, ಚಿಕಿತ್ಸೆಗೆ ಕಳಿಸಿದ್ದು ಎಷ್ಟು ಜನ. ಹೆಸರಿಲ್ಲದ ಈ ಲೆಕ್ಕ ಇನ್‌ಸ್ಪೆಕ್ಟರ್‌ಗೆ ಮೇಲಿನವರ ಮುಂದೆ ಉಪಯೋಗಕ್ಕೆ ಬರುತ್ತದೆ. ‘ಮಗ ಮನೆಯಲ್ಲಿ ಗಲಾಟೆ ಮಾಡುತ್ತಾನೆ’ ಎಂದು ಠಾಣೆಗೆ ಅಳುತ್ತ ಬರುವ ತಾಯಂದಿರನ್ನು ನಿಮ್ಮ ಕಡೆ ಕಳಿಸುವಂತೆಯೂ ಹೇಳಿ. ಇಂಥ ಮನೆಜಗಳಗಳು ಠಾಣೆಗೆ ದೊಡ್ಡ ಹೊರೆ. ನಿಮ್ಮ ಬಾಗಿಲು ಮುಚ್ಚಿರುವ ಹೊತ್ತಿಗೆ 14446 ವ್ಯಸನಮುಕ್ತಿ ಸಹಾಯವಾಣಿ ಇದೆ, ಎಚ್‌ಐವಿ ಮಾಹಿತಿಗೆ 1097.

ಬದಲಿ ಔಷಧ ಕೇಂದ್ರ ನಡೆಸುವವರು ಪೊಲೀಸರ ಒಂದು ಆತಂಕವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಬುಪ್ರೆನಾರ್ಫಿನ್ ಮಾತ್ರೆ ಹೊರಗೆ ಮಾರಾಟವಾದರೆ ಅದೂ ಎನ್‌ಡಿಪಿಎಸ್ ಪ್ರಕರಣವೇ. ನಾಲಿಗೆಯ ಕೆಳಗೆ ಇಟ್ಟು ಪೂರ್ತಿ ಕರಗಲು 5–10 ನಿಮಿಷ ಬೇಕು, ಅಷ್ಟು ಹೊತ್ತೂ ನರ್ಸ್ ಎದುರೇ ಕೂರಿಸಿ, ಬಾಯಿ ನೋಡಿ ಕಳಿಸಬೇಕು. ಜನಜಂಗುಳಿಯ ದಿನ ಮಾತ್ರೆ ಪುಡಿ ಮಾಡಿ ಕೊಟ್ಟರೆ ಉಗುಳಿ ಒಯ್ಯುವುದು ಕಷ್ಟ. ದಾಸ್ತಾನು ಪುಸ್ತಕ ಪ್ರತಿದಿನ ತಾಳೆಯಾಗಬೇಕು. ಒಂದು ಮಾತ್ರೆಯ ವ್ಯತ್ಯಾಸ ಬಂದರೂ ನೀವೇ ಮೊದಲು ಬರೆದು ತಿಳಿಸಿ, ಪೊಲೀಸರು ಬಂದು ಕಂಡುಹಿಡಿಯುವ ತನಕ ಕಾಯಬೇಡಿ.

ಎರಡು ಪುಟದ ಒಪ್ಪಂದ

ಹೆಸರಲ್ಲ, ಹುದ್ದೆ ಬರೆಯಿರಿ. ‘ಶ್ರೀ ಇಂಥವರು’ ಎಂದರೆ ವರ್ಗಾವಣೆಯ ದಿನ ಒಪ್ಪಂದವೂ ವರ್ಗವಾಗುತ್ತದೆ. ‘ಎಸಿಪಿ, ಇಂಥ ಉಪವಿಭಾಗ’ ನೋಡಲ್ ಅಧಿಕಾರಿ ಎಂದಿರಲಿ. ಹೊಸ ಇನ್‌ಸ್ಪೆಕ್ಟರ್ ಬಂದ ಏಳು ದಿನದೊಳಗೆ ಕಡತದ ಪ್ರತಿ ಹಿಡಿದು ಹೋಗುವುದು ನಿಮ್ಮ ಕೆಲಸ, ಅವರು ಕರೆಯಲಿ ಎಂದು ಕೂರಬೇಡಿ.

ಮುಖ್ಯ ಸಾಲುಗಳು ಕೆಲವೇ: ಕೇಂದ್ರದ ಬಾಗಿಲಲ್ಲಿ, ಎದುರು ರಸ್ತೆಯಲ್ಲಿ ಹೊಂಚು ಹಾಕಿ ಹಿಡಿಯುವುದಿಲ್ಲ. ವಾರಂಟ್ ಇದ್ದರೆ, ಹಿಂಸೆಯ ಪ್ರಕರಣವಾದರೆ ಈ ನಿಯಮ ಅನ್ವಯಿಸುವುದಿಲ್ಲ, ಆಗ ಕೇಂದ್ರದ ಮುಖ್ಯಸ್ಥರಿಗೆ ತಿಳಿಸಿ ಬರುತ್ತಾರೆ. ಗುರುತಿನ ಚೀಟಿ ತೋರಿಸಿದ ಕಾರ್ಯಕರ್ತರ ಸಾಮಗ್ರಿಯನ್ನು ಮುಟ್ಟುಗೋಲು ಹಾಕುವುದಿಲ್ಲ. ಕಾರ್ಯಕರ್ತರು ತಾವೇ ಮಾದಕ ವಸ್ತು ಇಟ್ಟುಕೊಂಡು ಸಿಕ್ಕಿದರೆ ಸಂಸ್ಥೆ ಅಡ್ಡ ಬರುವುದಿಲ್ಲ. ಬದಲಿ ಔಷಧ ಪಡೆಯುವವರು ಬಂಧನದಲ್ಲಿದ್ದರೆ ವೈದ್ಯರ ಮೂಲಕ ಡೋಸ್ ತಪ್ಪದಂತೆ ನೋಡಿಕೊಳ್ಳುತ್ತಾರೆ. ಮಹಿಳೆಯರ ಜೊತೆ ಮಹಿಳಾ ಸಿಬ್ಬಂದಿಯೇ ವ್ಯವಹರಿಸುತ್ತಾರೆ. ಆರು ತಿಂಗಳಿಗೊಮ್ಮೆ ಪರಿಶೀಲನೆ.

ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ ಒಟ್ಟಿಗೆ ಕೂರುವುದು ಕಾಗದಕ್ಕಿಂತ ಮುಖ್ಯ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 1988ರಿಂದ ಪೊಲೀಸ್, ಸರ್ಕಾರಿ ವಕೀಲರು, ಆರೋಗ್ಯ ಇಲಾಖೆ, ಸಂಸ್ಥೆಗಳು ಸೋಮವಾರದ ಸಭೆ ಎಂದೇ ಒಂದು ಪದ್ಧತಿ ಮಾಡಿಕೊಂಡು ಕೂತದ್ದರಿಂದಲೇ ಆ ನಗರದ ನೀತಿ ರೂಪುಗೊಂಡಿತು. ನಮ್ಮಲ್ಲಿ ಮಣಿಪುರ 1996ರಲ್ಲೇ ಹಾನಿ ತಗ್ಗಿಸುವುದನ್ನು ರಾಜ್ಯದ ಏಡ್ಸ್ ನೀತಿಯಲ್ಲಿ ಸೇರಿಸಿತು. ಕರ್ನಾಟಕಕ್ಕೂ ಇದು ಹೊಸತಲ್ಲ: 2000ರ ದಶಕದಲ್ಲಿ ಎಚ್‌ಐವಿ ತಡೆಯುವ ಆವಾಹನ್ ಯೋಜನೆಯಡಿ ಲೈಂಗಿಕ ಕಾರ್ಯಕರ್ತೆಯರ ಜೊತೆಗಿನ ಕೆಲಸದಲ್ಲಿ ಪೊಲೀಸರಿಗೆ ತರಬೇತಿ ಕೊಟ್ಟು, ಕರೆದಾಗ ಧಾವಿಸುವ ಬಿಕ್ಕಟ್ಟು ತಂಡಗಳನ್ನು ಕಟ್ಟಿದ್ದರು. ಉತ್ತರ ಕರ್ನಾಟಕದಲ್ಲಿ ಆ ಅನುಭವ ಇರುವ ಮಹಿಳೆಯರು ಇನ್ನೂ ಇದ್ದಾರೆ. ಅವರನ್ನು ಕೇಳದೆ ಈ ಕೆಲಸ ಶುರುಮಾಡುವುದು ದೊಡ್ಡ ನಷ್ಟ.

ಕೆಡುವುದು ಎಲ್ಲಿ

ಜೂನ್ 26 ಮಾದಕ ವಸ್ತು ವಿರೋಧಿ ದಿನ. ಅದರ ಆಸುಪಾಸು ವಿಶೇಷ ಕಾರ್ಯಾಚರಣೆಗಳು, ಸಾಮೂಹಿಕ ಮೂತ್ರ ಪರೀಕ್ಷೆಗಳು ನಡೆಯಬಹುದು. ಮೇ ಕೊನೆಯಲ್ಲೇ ನೋಡಲ್ ಅಧಿಕಾರಿಯನ್ನು ಕಂಡು, ಚಿಕಿತ್ಸೆಯಲ್ಲಿರುವವರ ಬಳಿ ಆಸ್ಪತ್ರೆಯ ಚೀಟಿ ಇರುತ್ತದೆ ಎಂದು ತಿಳಿಸಿ. ಮೂತ್ರದಲ್ಲಿ ಗೆರೆ ಮೂಡಿಸಿ ನೋಡುವ ಪಟ್ಟಿಯ (ಸ್ಟ್ರಿಪ್) ಪರೀಕ್ಷೆಗೆ ಮಿತಿಗಳಿವೆ: ಬುಪ್ರೆನಾರ್ಫಿನ್‌ಗೆ ಬೇರೆಯೇ ಪಟ್ಟಿ ಬೇಕು, ಕೊಡೀನ್ ಇರುವ ಕೆಮ್ಮಿನ ಔಷಧಿಯೂ ಅಫೀಮಿನ ಪಟ್ಟಿಯಲ್ಲಿ ಗೆರೆ ತೋರಿಸುತ್ತದೆ, ಗಾಂಜಾ ದಿನವೂ ಸೇದುತ್ತಿದ್ದವರಲ್ಲಿ ಬಿಟ್ಟು ವಾರಗಳಾದರೂ ಸಿಗುತ್ತದೆ. ಗಸಗಸೆ ಪಾಯಸ ಕುಡಿದು ಬಂದವರಲ್ಲೂ ಅಫೀಮಿನ ಗೆರೆ ಮೂಡಬಹುದು. ಹಾಗಾಗಿ ಪ್ರಯೋಗಾಲಯದ ದೃಢೀಕರಣ ಇಲ್ಲದೆ ಪಟ್ಟಿಯ ಗೆರೆಯೊಂದನ್ನೇ ನಂಬಬಾರದು.

ಫೋಟೊ ಇನ್ನೊಂದು. ಠಾಣೆಯವರು ತರಬೇತಿಯ ಚಿತ್ರ ವಾಟ್ಸಾಪ್‌ನಲ್ಲಿ ಹಾಕುತ್ತಾರೆ, ಮರುದಿನ ನಿಮ್ಮ ಪಿಯರ್ ಪೊಲೀಸರ ಪಕ್ಕ ನಿಂತ ಚಿತ್ರ ಓಣಿಯಲ್ಲಿ ಓಡಾಡುತ್ತದೆ. ತರಬೇತಿಗೆ ಅಧಿಕಾರಿಗಳು, ವೈದ್ಯರು ಮಾತ್ರ ಹೋಗಲಿ. ಪಿಯರ್ ಹೋಗುವುದಾದರೆ ಚಿತ್ರ ತೆಗೆಯುವುದಿಲ್ಲ ಎಂದು ಮೊದಲೇ ಇನ್‌ಸ್ಪೆಕ್ಟರ್ ಬಾಯಿಂದ ಹೇಳಿಸಿ.

ಬಂಧನ ಆಗಿಯೇ ಆಗುತ್ತದೆ. ಆಗ ಠಾಣೆಗೆ ಹತ್ತು ಜನ ನುಗ್ಗಬೇಡಿ. ಸಂಪರ್ಕ ವ್ಯಕ್ತಿ ಒಬ್ಬರು, ವಕೀಲರು ಒಬ್ಬರು. ಕೇಳಬೇಕಾದದ್ದು ಮೂರು: ಯಾವ ಕಲಂ, ಮನೆಯವರಿಗೆ ತಿಳಿಸಿದ್ದೀರಾ, ವೈದ್ಯಕೀಯ ಪರೀಕ್ಷೆ ಎಷ್ಟು ಗಂಟೆಗೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ಹಣವಿಲ್ಲದಿದ್ದರೆ ಉಚಿತ ಕಾನೂನು ನೆರವಿಗೆ 15100. ಅವರು ಚಿಕಿತ್ಸೆಗೆ ಸಿದ್ಧರಿದ್ದರೆ ಡಿಮ್ಹಾನ್ಸ್ ಅಥವಾ ಸರ್ಕಾರಿ ಆಸ್ಪತ್ರೆಯ ನೋಂದಣಿ ಪತ್ರ ಮೊದಲ ಹಾಜರಾತಿಗೇ ವಕೀಲರ ಕೈಯಲ್ಲಿರಲಿ, 64ಎ ಕೇಳಲು ಅದೇ ಆಧಾರ. ಒಪ್ಪಂದ ಮುರಿದಿದ್ದರೆ ಅಂದೇ ಜಗಳಕ್ಕೆ ನಿಲ್ಲದೆ ದಿನಾಂಕ, ವೇಳೆ, ಸ್ಥಳ, ಏನಾಯಿತು ಎಂದು ಘಟನಾ ಪುಸ್ತಕದಲ್ಲಿ ಬರೆದು 48 ಗಂಟೆಯೊಳಗೆ ನೋಡಲ್ ಎಸಿಪಿಗೆ ಲಿಖಿತವಾಗಿ ಕೊಡಿ. ಹೊಡೆತದ ಗುರುತಿದ್ದರೆ ಮಾತ್ರ ಕಾಯಬಾರದು, ಅದೇ ದಿನ ವೈದ್ಯರ ದಾಖಲೆ, ಅದೇ ದಿನ ದೂರು.

ಘಟನಾ ಪುಸ್ತಕವನ್ನು ವಾಪಸ್ ಬಂದ ಸಿರಿಂಜ್‌ಗಳ ಲೆಕ್ಕದ ಪಕ್ಕ ಇಟ್ಟು ತಿಂಗಳ ಸಭೆಗೆ ಒಯ್ಯಿರಿ. ಒಂದು ಬೀಟ್‌ನಲ್ಲಿ ವಾಪಸಾತಿ ನೂರಕ್ಕೆ ಎಂಬತ್ತರಿಂದ ನಲವತ್ತಕ್ಕೆ ಇಳಿದಿದ್ದರೆ ಅಲ್ಲಿ ಏನೋ ಆಗಿದೆ. ಯಾರದೋ ಜೇಬು ಜಾಲಾಡಿರಬಹುದು, ಬೀಟ್‌ಗೆ ಹೊಸಬರು ಬಂದಿರಬಹುದು, ನಿಮ್ಮ ಕಾರ್ಯಕರ್ತರೇ ಎರಡು ವಾರ ಹೋಗದಿರಬಹುದು. ಆ ಬೀಟ್‌ನ ಹೆಡ್ ಕಾನ್‌ಸ್ಟೇಬಲ್‌ರನ್ನೂ ನಿಮ್ಮ ಕಾರ್ಯಕರ್ತರನ್ನೂ ಅದೇ ವಾರ ಒಟ್ಟಿಗೆ ಕೂರಿಸಿ ಕೇಳಿ.